ಅಕ್ಕೋರು ತಾವೇ ನಿಲ್ಲಿಸಿದ ಯಂತ್ರ

ಅಕ್ಕೋರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ನೀಲಿ. ಕಾರ್ಬನ್ ಕಾಗದದ ನೀಲಿ ಅದು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟಿಗೆ ಬಣ್ಣ ಹತ್ತುತ್ತದೆಂದು ಅವರ ತಾಯಿ ಗೊಣಗುತ್ತಿದ್ದರು. "ನೀಲಿ ರೊಟ್ಟಿ ಉಂಡ್ರ ಯಾರೂ ಸಾಯಂಗಿಲ್ಲ ಬಿಡಬೇ" ಎಂದು ಅಕ್ಕೋರು ನಕ್ಕು, ಅದೇ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಉಂಡು ಎದ್ದುಬಿಡುತ್ತಿದ್ದರು.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಅನ್ನುವುದು ರೂಢಿ. ಇವರು ಕೊಪ್ಪಳದ ಬಜಾರಿನಲ್ಲಿ, ಒಂದು ಕಿರಾಣಿ ಅಂಗಡಿಯ ಮಾಳಿಗೆ ಮೇಲೆ, ಎಪ್ಪತ್ತರ ದಶಕದಿಂದಲೂ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಕೈ ಮೇಲೆ ಟವೆಲ್ ಹೊದಿಸಿ ಟೈಪ್ ಹೊಡೆಸುತ್ತಿದ್ದರು. ಬೆರಳು ನೋಡಿದವರಿಗೆ ಸ್ಕೇಲಿನ ಪೆಟ್ಟು. ಯಲಬುರ್ಗಾ, ಕುಷ್ಟಗಿಯ ಕಚೇರಿಗಳಲ್ಲಿ ಕೂತ ಗುಮಾಸ್ತರಲ್ಲಿ ಆ ಸ್ಕೇಲಿನ ರುಚಿ ಕಾಣದವರು ಕಡಿಮೆ. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೆಣಕಿದರೆ, "ಪುರಸೊತ್ತ ಆಗ್ಲಿಲ್ರಿ" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನಾನು ಬಿ.ಎಸ್ಸಿ. ಮುಗಿಸಿ ಟೈಪಿಂಗ್ ಕಲಿಯಲು ಹೋದವಳು, ಅಲ್ಲೇ ಕಲಿಸುವವಳಾಗಿ ಉಳಿದೆ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅಕ್ಕೋರು ಒಂದು ದಿನ ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ನೋಡಿಕೊಂಡು ಬಂದರು. ಬಂದವರೇ ಕ್ಲಾಸಿನ ಅರ್ಧ ಟೈಪ್‌ರೈಟರುಗಳನ್ನು ಮಾರಿ, ಹಸಿರು ಅಕ್ಷರದ ಒಂದು ಯಂತ್ರ ತಂದು ಮೇಜಿನ ಮೇಲೆ ಕೂರಿಸಿದರು. ಊರಿಗೆ ಊರೇ ನಕ್ಕಿತು. ಕೆಳಗಿನ ಕಿರಾಣಿ ಅಂಗಡಿಯವನಂತೂ, "ಅಕ್ಕೋರ, ಇದು ಅಕ್ಕಿ ಆರಿಸಿ ಕೊಡ್ತೈತೇನ್ರಿ?" ಅಂತ ದಿನಾ ಕೇಳುತ್ತಿದ್ದ. "ಕಲ್ಲು ಬೆರೆಸೋರನ್ನ ಮಾತ್ರ ಆರಿಸಿ ಕೊಡ್ತೈತಪಾ" ಅಂದ ಮೇಲೆ ಕೇಳುವುದು ಬಿಟ್ಟ.

ನಮಗಿಬ್ಬರಿಗೂ ಹೇಳಿಕೊಡುವವರು ಯಾರೂ ಇರಲಿಲ್ಲ. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ಒಂದು ದಪ್ಪ ಪುಸ್ತಕ, ಪಕ್ಕದಲ್ಲಿ ಒಂದು ನಿಘಂಟು. ಏನು ಬರೆದರೂ ಯಂತ್ರ 'ಸಿಂಟ್ಯಾಕ್ಸ್ ಎರರ್' ಅನ್ನುತ್ತಿತ್ತು. "ಇದು ಬೈತೈತೋ, ಹೇಳ್ತೈತೋ? ತಪ್ಪೈತಿ ಅಂತೈತಿ, ಏನ್ ತಪ್ಪು ಅಂತ ಹೇಳವಲ್ದು" ಅಂತ ಅಕ್ಕೋರಿಗೆ ಸಿಟ್ಟು. ಆ ಸಿಟ್ಟಿನಲ್ಲೇ ಒಂದು ನೇಮ ಹುಟ್ಟಿತು. ನಾವು ಬರೆಯುವ ಪ್ರೋಗ್ರಾಮು ಯಾರನ್ನೂ ಹೀಗೆ ಗದರಿಸಬಾರದು. ವಯಸ್ಸು ಕೇಳಿದಲ್ಲಿ ಯಾರಾದರೂ ಅಕ್ಷರ ಒತ್ತಿದರೆ ಅದು ನಿಂತುಹೋಗಬಾರದು. 'ವಯಸ್ಸು ಅಂಕಿಯಾಗ ಬರೀರಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ ಕೇಳಬೇಕು. "ಯಂತ್ರ ಆದ್ರೇನು, ಮಂದಿ ಜೊತಿ 'ರೀ' ಹಚ್ಚಿ ಮಾತಾಡ್ಬೇಕು" ಅನ್ನುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು, ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಂದು ಪ್ರೋಗ್ರಾಮು ಮುಗಿಯಿತೆಂದರೆ ಅಕ್ಕೋರು ಮಾಳಿಗೆಯ ಕಟಕಟೆಗೆ ಬಗ್ಗಿ ಬೀದಿಗೆ ಕೂಗುತ್ತಿದ್ದರು: "ಕೆಡಸಾಕ ಬರ್ರಿ!" ಹೂ ಮಾರುವವಳು, ಸೈಕಲ್ ಪಂಕ್ಚರ್ ಹಾಕುವವನು, ಯಾರಾದರೂ ಸರಿ. ಬಂದು ಕೀಲಿಗಳನ್ನು ಮನಸ್ಸಿಗೆ ಬಂದಂತೆ ಒತ್ತಬೇಕು. ಪ್ರೋಗ್ರಾಮು ನಿಂತರೆ ಅವರಿಗೆ ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ. ಹೂ ಮಾರುವ ಅವ್ವ ಒಮ್ಮೆ ತನ್ನ ಬುಟ್ಟಿಯನ್ನೇ ಕೀಲಿಮಣೆಯ ಮೇಲೆ ಇಟ್ಟು, ಪರದೆ ತುಂಬ ಒಂದೇ ಅಕ್ಷರ ಹರಿಸಿ, ಯಂತ್ರವನ್ನು ಮೂರ್ಛೆಗೆ ಕೆಡವಿ ಮಿರ್ಚಿ ಗೆದ್ದಿದ್ದಳು. "ಹಿಂಗ್ಯಾಕ ಮಾಡಿದಿಬೇ?" ಅಂತ ನಾನು ರೇಗಿದರೆ ಅಕ್ಕೋರು ನನಗೇ ತಿರುಗಿಬಿದ್ದರು: "ಹೆತ್ತವರಿಗೆ ಹೆಗ್ಗಣ ಮುದ್ದು ಅಂತ. ನಾವು ಬರದದ್ದು ನಮಗ ಛಲೋನ ಕಾಣ್ತೈತಿ. ಬುಟ್ಟಿ ಇಡೋರು ಬಂದ್ರನ ಅದರ ಹಣೇಬಾರ ಗೊತ್ತಾಗೋದು."

ಹೀಗೆ ನಮ್ಮ ಕೈ ಬಲಿತ ಮೇಲೆ ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯ ಡಾಕ್ಟರು ನಮ್ಮನ್ನು ಕರೆದರು. ಅವರೂ ಒಂದು ಯಂತ್ರ ತರಿಸಿದ್ದರು. ಕಾಲುವೆ ನೀರು ಬಂದು ಊರುಗಳು ಬೆಳೆದ ಮೇಲೆ ಸುತ್ತಲ ಹಳ್ಳಿಗಳಿಂದ ಜನ ಮುಗಿಬೀಳುತ್ತಿದ್ದರು. ಬಂದವರ ಹೆಸರು ಒತ್ತಿದರೆ ಹಿಂದೆ ಏನು ಕಾಯಿಲೆ, ಏನು ಔಷಧಿ ಅನ್ನುವುದು ತಟ್ಟನೆ ಪರದೆಗೆ ಬರಬೇಕು. ಅಷ್ಟು ಮಾಡಿಕೊಡಿ ಅಂದರು. ಹುಬ್ಬಳ್ಳಿಯ ಒಂದು ಕಂಪನಿಯವರು ಆಗಲೇ ಅವರ ಬಾಗಿಲು ತಟ್ಟಿದ್ದರು. ಆದರೂ ಡಾಕ್ಟರು ಕೊಪ್ಪಳದ ಅಕ್ಕೋರನ್ನು ನಂಬಿದರು. ಅಕ್ಕೋರಿಗೆ ಇದು ಬರೀ ಒಂದು ಕೆಲಸವಾಗಿರಲಿಲ್ಲ. ಇದು ನಡೆದರೆ ಅವರು ಪ್ರೋಗ್ರಾಮು ಬರೆಯುವವರು. ಮುರಿದರೆ ಮತ್ತೆ ಟವೆಲ್ಲು, ಸ್ಕೇಲು; ಊರು ನಕ್ಕದ್ದು ಖರೆ ಅನ್ನಿಸಿಕೊಳ್ಳಬೇಕು. ಆ ಮಾತನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ತಿಂಗಳುಗಳಲ್ಲಿ ಅವರು ಉಂಡದ್ದು ಕಡಿಮೆ.

ಹೆಸರು, ತಂದೆಯ ಹೆಸರು, ಊರು. ಈ ಮೂರೂ ಕೂಡಿದರೆ ಅದೇ ಮನುಷ್ಯ ಅಂತ ನಮ್ಮ ಪ್ರೋಗ್ರಾಮು ತಿಳಿಯುತ್ತಿತ್ತು. ನಮಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಆಸ್ಪತ್ರೆಯಲ್ಲಿ ಶುರುವಾಯಿತು, ಚೆನ್ನಾಗಿ ಓಡಿತು. ನರ್ಸಮ್ಮ ಖುಷಿ, ಡಾಕ್ಟರು ಖುಷಿ. ನಾವಂತೂ ಗಂಗಾವತಿ ಬಸ್ಸಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವ ಮಟ್ಟಕ್ಕೆ ಬಂದಿದ್ದೆವು.

ಒಂದು ಶನಿವಾರ ಹೋದಾಗ ಡಾಕ್ಟರು ನಗುತ್ತ ಹೇಳಿದರು: "ಅಕ್ಕೋರ, ನಿಮ್ಮ ಮಷೀನು ಅಜ್ಜಗ ಮೊಮ್ಮಗಗ ಗಂಟು ಹಾಕೇತ್ರಿ."

ಆದದ್ದು ಇಷ್ಟು. ನವಲಿಯ ಒಬ್ಬ ಮುದುಕ ಕಾಲಿಗೆ ಕುಡುಗೋಲು ತಾಗಿಸಿಕೊಂಡು ಬಂದಿದ್ದ. ಬಸಪ್ಪ, ತಂದೆ ಶಿವಪ್ಪ. ನಮ್ಮ ಕಡೆ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಮುದುಕನ ಅಪ್ಪ ಶಿವಪ್ಪ, ಮಗನೂ ಶಿವಪ್ಪ, ಮೊಮ್ಮಗ ಬಸಪ್ಪ. ಅಲ್ಲಿಗೆ ಅಜ್ಜನೂ 'ಬಸಪ್ಪ ತಂದೆ ಶಿವಪ್ಪ', ಮೊಮ್ಮಗನೂ 'ಬಸಪ್ಪ ತಂದೆ ಶಿವಪ್ಪ', ಊರೂ ಒಂದೇ. ಮೊಮ್ಮಗ ಹಿಂದೆ ಜ್ವರಕ್ಕೆ ಬಂದು ಪೆನಿಸಿಲಿನ್ ಸೂಜಿ ಹಾಕಿಸಿಕೊಂಡು ಹೋಗಿದ್ದ. ತೊಂದರೆ ಏನೂ ಆಗಿರಲಿಲ್ಲ. ಯಂತ್ರ ಅದನ್ನೇ ತೆಗೆದು ತೋರಿಸಿತು. ನರ್ಸಮ್ಮ ಸೂಜಿ ಸಿದ್ಧಮಾಡಿದಾಗ ಮುದುಕ, "ಯವ್ವಾ, ಆ ಸೂಜಿ ನನಗ ಒಗ್ಗಂಗಿಲ್ಲ, ಹಿಂದಕ ಜೀವಾನ ಹೋಗಿ ಬಂದೈತಿ" ಅಂದನಂತೆ. "ಕಂಪ್ಯೂಟರ್‌ನ್ಯಾಗ ಹಂಗಿಲ್ಲಜ್ಜ" ಅಂದಳಂತೆ ಈಕೆ. ಮುದುಕ ಹಟಮಾಡಿ ಎದ್ದು ಕೂತಿದ್ದಕ್ಕೆ ಉಳಿದ.

ಡಾಕ್ಟರು ನಕ್ಕರು, ನಾನೂ ಅರ್ಧ ನಕ್ಕೆ. ಅಕ್ಕೋರ ಮುಖ ಬೂದಿಯಾಗಿತ್ತು. ಎದ್ದು ಹೋಗಿ ಯಂತ್ರದಿಂದ ಪ್ರೋಗ್ರಾಮು ಇದ್ದ ಫ್ಲಾಪಿಗಳನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡರು.

"ಇದನ್ನ ಇವತ್ತಿಗೆ ಬಂದ್ ಮಾಡ್ತೀನ್ರಿ. ತಪ್ಪು ನಂದು."

"ಅಲ್ರೀ, ಒಂದ ಕೇಸಿಗೆ ಯಾಕ? ಉಳದದ್ದೆಲ್ಲಾ ಛಲೋ ನಡದೈತಲ್ಲ. ನಡೀತಾ ನಡೀತಾ ಸರಿ ಮಾಡ್ರಿ."

"ಅಜ್ಜ ಬಾಯಿ ಬಿಟ್ಟು ಹೇಳಿದ, ಉಳದ. ನಾಳೆ ಮೂಗ ಬಂದ್ರ? ಎಚ್ಚರಿಲ್ಲದಾಂವ ಬಂದ್ರ? ಯಂತ್ರ ಹೇಳೇತಿ ಅಂತ ನಿಮ್ಮ ನರ್ಸಮ್ಮ ಮನಷ್ಯಾನ ಮಾತು ಬಿಟ್ಲು ನೋಡ್ರಿ, ಅದಕ್ಕ ನನಗ ಅಂಜಿಕಿ ಬಂದೈತಿ."

ಡಾಕ್ಟರ ಮುಖವೂ ಈಗ ಬಿಗಿಯಾಯಿತು. ಅಷ್ಟು ಜನರನ್ನು ಮತ್ತೆ ಕೈಬರಹದಲ್ಲಿ ನಿಭಾಯಿಸಬೇಕಲ್ಲ. "ಒಂದು ತಿಂಗಳು ನೋಡ್ತೀನ್ರಿ. ಆಮ್ಯಾಲೆ ಹುಬ್ಬಳ್ಳಿಯವರಿಗೆ ಹೇಳ್ತೀನಿ" ಅಂದರು. ಸುದ್ದಿ ನಮ್ಮ ಬಸ್ಸಿಗಿಂತ ಮೊದಲು ಕೊಪ್ಪಳ ಮುಟ್ಟಿತ್ತು. ಹಿತ್ತಲ ಗಿಡ ಮದ್ದಲ್ಲ ಅಂತ ಬಲ್ಲವರು ತಲೆಯಾಡಿಸಿದರು. "ಸುಮ್ಮನಿದ್ದಿದ್ರ ಯಾರಿಗೂ ಗೊತ್ತಾಗ್ತಿರ್ಲಿಲ್ಲಲ್ರಿ" ಅಂತ ನಾನು ಗೊಣಗಿದೆ. ಅಕ್ಕೋರು ಆಗಲೇ ಪುಸ್ತಕ ತೆರೆದು ಕೂತಿದ್ದರು.

ಪರಿಹಾರ ಅಷ್ಟು ಸುಲಭವಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಡಿ ಅನ್ನುತ್ತದೆ ಪುಸ್ತಕ. ಕೊಟ್ಟ ಚೀಟಿಯನ್ನು ನಮ್ಮ ಜನ ಜೋಪಾನವಾಗಿ ದೇವರ ಜಗಲಿ ಮೇಲಿಟ್ಟು ಬರಿಗೈಯಲ್ಲಿ ಆಸ್ಪತ್ರೆಗೆ ಬರುತ್ತಾರೆ. ವಯಸ್ಸು ಕೇಳಿದರೆ "ಕಾಲುವಿ ಅಗಿಯೋ ಮುಂದ ನಾ ಎತ್ತು ಹೊಡೀತಿದ್ದೆ" ಅನ್ನುತ್ತಾರೆ. ನಾವು ಬರೆದೆವು, ಅಳಿಸಿದೆವು. ತಿಂಗಳು ಕರಗುತ್ತಿತ್ತು.

ಒಂದು ಮುಂಜಾನೆ ಕೆಳಗಿನ ನಳದ ಹತ್ತಿರ ಹೆಣ್ಣುಮಕ್ಕಳು ಕೊಡ ಹಿಡಿದು ಜಗಳಾಡುತ್ತಿದ್ದರು. ಒಬ್ಬಾಕೆ "ಏ ಬಸ್ಯಾ, ಬಾರೋ ಇಲ್ಲೆ!" ಅಂತ ಕೂಗಿದಳು. ಆಡುತ್ತಿದ್ದ ಹುಡುಗರಲ್ಲಿ ಇಬ್ಬರು ತಿರುಗಿದರು. "ನೀ ಅಲ್ಲೋ, ನೀಲವ್ವನ ಬಸ್ಯಾ!" ಅಂದಳು. ಒಬ್ಬ ಓಡಿ ಬಂದ, ಇನ್ನೊಬ್ಬ ಗೋಲಿಗೆ ಮರಳಿದ.

ಅಕ್ಕೋರು ಹಣೆ ಚಚ್ಚಿಕೊಂಡರು. "ಓಣ್ಯಾಗ ಇದ್ದ ಉತ್ತರಕ್ಕ ಪುಸ್ತಕ ತಿರುವಿ ಹಾಕಾಕತ್ತೀವಲ್ಲವಾ! ತಾಯಿ ಹೆಸರು ಕೇಳೋಣು!"

ಆ ಕಾಲಕ್ಕೆ ನಾನು ಕಂಡ ಯಾವ ಕಚೇರಿಯ ಕಾಗದದಲ್ಲೂ ತಾಯಿಯ ಹೆಸರಿಗೆ ಜಾಗವಿರಲಿಲ್ಲ. ನನಗೂ ರೋಮಾಂಚನವಾಯಿತು. ಆದರೆ ಅವರೇ ಕಲಿಸಿದ ಕೆಡಿಸುವ ಬುದ್ಧಿ ಸುಮ್ಮನಿರಬೇಕಲ್ಲ. "ಅಕ್ಕೋರ, ಹೆಣ್ಣುಮಕ್ಕಳಿಗೂ ಅಜ್ಜಿ ಹೆಸರು ಇಡ್ತಾರ. ಸೋದರತ್ತಿ ಮಗಳನ್ನ ತಂದ ಮನ್ಯಾಗ ಮುದುಕನ ತಾಯಿ ಹೆಸರು, ಮೊಮ್ಮಗನ ತಾಯಿ ಹೆಸರು ಒಂದ ಇದ್ರ?" ಅಂದೆ.

ಕೋಪ ಬರಬೇಕಿತ್ತು. ಅವರು ನನ್ನ ಬೆನ್ನಿಗೆ ಗುದ್ದಿದರು. "ಶಬಾಷ್! ಹಂಗಾರ ಯಂತ್ರ ತೀರ್ಮಾನ ಮಾಡೋದ ಬ್ಯಾಡ. ಒಂದ ತರ ಕಂಡ್ರ ನಿಂದ್ರಬೇಕು, ಎಲ್ಲಾರ್ನೂ ಮುಂದ ತಂದು ತೋರಿಸಬೇಕು, 'ಇವರೊಳಗ ಯಾರ್ರಿ?' ಅಂತ ಕೇಳಬೇಕು. 'ಇವರ್ಯಾರೂ ಅಲ್ಲ' ಅನ್ನಾಕೂ ಒಂದು ದಾರಿ ಇಡಬೇಕು."

ಹೀಗೆ ಕೇಳಲು ಪರದೆಯ ಮೇಲೆ ತೆರೆಯುವ ಚಿಕ್ಕ ಪೆಟ್ಟಿಗೆ ಈಗ ವಿಂಡೋಸಿನಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಆಗ ಪರದೆಯ ನಡುವೆ ಗೆರೆ ಗೆರೆ ಕೂಡಿಸಿ ನಾವೇ ಕಟ್ಟಬೇಕಿತ್ತು. ಕೆಳಗಿದ್ದ ಅಕ್ಷರ ಅಳಿಯಬಾರದು, ಪೆಟ್ಟಿಗೆ ಮುಚ್ಚಿದ ಕೂಡಲೇ ಅವು ಇದ್ದಲ್ಲೇ ಇರಬೇಕು. ಒಗ್ಗದ ಔಷಧಿಯ ಹೆಸರು ಎಲ್ಲಕ್ಕಿಂತ ಮೇಲೆ ಮಿನುಗಬೇಕು. ಅಬ್ಬಬ್ಬಾ, ಆ ಪೆಟ್ಟಿಗೆ ನಮ್ಮನ್ನು ಗೋಳು ಹೊಯ್ದುಕೊಂಡಷ್ಟು ಯಾವ ಸೊಸೆಯನ್ನೂ ಯಾವ ಅತ್ತೆಯೂ ಹೊಯ್ದುಕೊಂಡಿರಲಿಕ್ಕಿಲ್ಲ.

ತಿಂಗಳು ತುಂಬುವ ಮೊದಲೇ ಗಂಗಾವತಿಗೆ ಹೋದೆವು. ಅಕ್ಕೋರು ಡಾಕ್ಟರಿಗೆ ಹೇಳಿ ನವಲಿಯ ಅದೇ ಅಜ್ಜನನ್ನೂ ಮೊಮ್ಮಗನನ್ನೂ ಕರೆಸಿದ್ದರು. ಯಲಬುರ್ಗಾದಿಂದ ಬಂದ ಇನ್ನೊಬ್ಬ ಡಾಕ್ಟರೂ ಅವತ್ತು ಅಲ್ಲಿ ಕೂತಿದ್ದರು. ಮೊಮ್ಮಗನ ಹಳೆಯ ದಾಖಲೆಗೆ ಅವನ ತಾಯಿ ಹೆಸರು ಮೊದಲೇ ಸೇರಿಸಿಯಾಗಿತ್ತು. ನರ್ಸಮ್ಮ ಅಜ್ಜನ ಹೆಸರು, ತಂದೆ ಹೆಸರು, ಊರು ಒತ್ತಿ, ಆಮೇಲೆ ಕೇಳಿದಳು: "ಅಜ್ಜ, ನಿಮ್ಮವ್ವನ ಹೆಸರೇನ್ರಿ?"

ಮುದುಕ ಅತ್ತಿತ್ತ ನೋಡಿದ. "ನಮ್ಮವ್ವಂದಾ?"

"ಹೂಂ, ನಿಮ್ಮವ್ವಂದ."

"ಫಕೀರವ್ವ" ಅಂದ. "ಎಲ್ಲಾರೂ ಅಪ್ಪನ ಹೆಸರ ಕೇಳ್ತಾರವಾ. ಆಕಿ ಹೆಸರು ಬಾಯಾಗ ಬಂದು ಯಾವ ಕಾಲ ಆಗಿತ್ತು" ಅಂದು, ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಪರದೆಯ ಮೇಲೆ ಪೆಟ್ಟಿಗೆ ತೆರೆಯಿತು. ಒಳಗೆ ಮೊಮ್ಮಗನ ಹೆಸರು, ಅವನ ತಾಯಿ ಹೆಸರು, ಕೆಳಗೆ 'ಇವರೊಳಗ ಯಾರ್ರಿ?' ನರ್ಸಮ್ಮ ಒಮ್ಮೆ ಪರದೆ ನೋಡಿ, ಒಮ್ಮೆ ಮುದುಕನ ಮುಖ ನೋಡಿ, 'ಇವರ್ಯಾರೂ ಅಲ್ಲ' ಒತ್ತಿದಳು. ಅಜ್ಜನಿಗೆ ಅವನದೇ ಜಾಗ ಸಿಕ್ಕಿತು. ಅದರ ನೆತ್ತಿಯ ಮೇಲೆ, ಆ ಸೂಜಿ ಒಗ್ಗಂಗಿಲ್ಲ ಅನ್ನುವುದನ್ನು ನರ್ಸಮ್ಮ ಅವನನ್ನೇ ಕೇಳಿ ಬರೆದಳು.

ಗಂಗಾವತಿಯ ಡಾಕ್ಟರು ಯಲಬುರ್ಗಾದವರ ಕಡೆ ತಿರುಗಿ ಹೇಳಿದ್ದನ್ನು ನಾನು ಮರೆಯುವುದಿಲ್ಲ. "ನೀವೂ ಇವರ ಕಡೆನ ಮಾಡಿಸ್ರಿ. ಛಲೋ ಐತಿ ಅಂತ ಹೇಳೋರು ಭಾಳ ಮಂದಿ ಬರ್ತಾರ. ನನ್ನದ ತಪ್ಪೈತಿ ಅಂತ ತಾನ ಬಂದು ಕಿತ್ತಿಕೊಂಡು ಹೋದಾಕಿ ಈಕಿ ಒಬ್ಬಾಕಿ." ಅಕ್ಕೋರು ಸೆರಗು ಸರಿಮಾಡಿಕೊಂಡು, "ಚಾ ತರಸ್ರಿ ಮೊದಲ" ಅಂದರು. ನನಗೆ ಮಾತ್ರ ಎದೆ ಉಬ್ಬಿ ರವಿಕೆ ಬಿಗಿಯಾಗಿತ್ತು.

ಮುಂದೆ ಕುಷ್ಟಗಿ, ಕುಕನೂರಿನಿಂದಲೂ ಕೆಲಸ ಬಂತು. ನಾನು ಸರಕಾರಿ ಕೆಲಸಕ್ಕೆ ಸೇರಿ, ವಿಂಡೋಸ್ ಬಂದ ಮೇಲೆ ಅದರಲ್ಲಿ ಪ್ರೋಗ್ರಾಮು ಬರೆಯುತ್ತ ಬದುಕು ಕಳೆದೆ. ಒಮ್ಮೆ ನಮ್ಮ ತಂಡದ ದೊಡ್ಡ ಪ್ರೋಗ್ರಾಮು ಸಾಹೇಬರ ಕೈಯಿಂದ ಉದ್ಘಾಟನೆಯಾಗುವ ಹೊತ್ತಿಗೆ ಅದರಲ್ಲಿ ನಾನೇ ಬಿಟ್ಟ ಒಂದು ತಪ್ಪು ನನಗೆ ಕಂಡಿತು. ಹಾರ ತಂದಾಗಿತ್ತು, ಫೋಟೋದವನು ಬಂದಿದ್ದ. ಎದ್ದು ನಿಂತು, "ನಿಲ್ಲಸ್ರಿ ಸಾರ್, ತಪ್ಪು ನಂದು" ಅಂದೆ. ಬೈಸಿಕೊಂಡೆ.

ಅಕ್ಕೋರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಕೊಪ್ಪಳಕ್ಕೆ ಹೋದಾಗ ಅವರಿಗೆ ಅದನ್ನೆಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಗೊತ್ತಾದ ಮ್ಯಾಲ ಎಷ್ಟೊತ್ತು ಸುಮ್ಮನ ಕುಂತಿದ್ದಿ?"

"ಕುಂದ್ರಲೇ ಇಲ್ರಿ ಅಕ್ಕೋರ. ಗೊತ್ತಾದ ಕೂಡ್ಲೆ ಎದ್ದೆ."

"ಹಂಗಾರ ನೀ ನನ್ನಕಿಂತ ಛಲೋ ಕಲ್ತಿ. ನಾ ಅವತ್ತು ಡಾಕ್ಟರ್ ನಗೋದು ಮುಗಿಯೋತನಕ ಕುಂತಿದ್ದೆ" ಅಂದರು. ಆ ವಾರದೊಳಗೆ ಅವರು ಹೋದರು.