ರಟ್ಟಿನ ಮೇಲೆ ದಂಡ

ಗ್ರಂಥಾಲಯದ ಬಾಗಿಲ ಬಳಿಯ ಮೇಜಿನ ಹಿಂದೆ ಕೂತು ಪುಸ್ತಕ ಕೊಟ್ಟು, ಬಂದದ್ದನ್ನು ಎಣಿಸಿಕೊಳ್ಳುವ ಹೆಂಗಸನ್ನು ಎಲ್ಲರೂ ಪುಸ್ತಕದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಯಾರ ಮೇಲೂ ದನಿ ಏರಿಸಿದವಳಲ್ಲ. ಪುಟ ಹರಿದು ತಂದವರಿಗೂ "ಇನ್ಮೇಲೆ ಹುಷಾರು ಕಣಪ್ಪ" ಅಂದರೆ ಮುಗಿಯಿತು. ಅಂಥವಳಿಗೂ ಮೇಷ್ಟ್ರೆಂದರೆ ತಲೆ ಚಿಟ್ಟು ಹಿಡಿಯುತ್ತಿತ್ತು.

ನಿವೃತ್ತರಾದ ಮೇಷ್ಟ್ರು ಬರೆದದ್ದು ಒಂದೇ ಪುಸ್ತಕ. ಅದನ್ನು ಬೇರೆ ಯಾರೂ ಕೇಳದ ಕಾರಣ ತಾವೇ ಒಯ್ಯುವರು, ಗಡುವು ಮೀರಿಸಿ ತರುವರು. ಈ ಸಲ ಹದಿನೆಂಟು ದಿನ ತಡ. ಅಕ್ಕ ಎಂದಿನಂತೆ ಚೀಟಿಯಲ್ಲಿ 'ದಂಡ' ಎಂದು ಬರೆದು, ಈ ಬಾರಿ ಒಳಪುಟದ ಬದಲು ರಟ್ಟಿಗೇ ಅಂಟಿಸಿದಳು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು: ತಮ್ಮ ಹೆಸರು, ಅದರ ಕೆಳಗೇ ದಂಡ.

"ಏನಮ್ಮಾ, ನನ್ನ ಪುಸ್ತಕ ದಂಡವಾ?"

"ಹೂಂ ಮತ್ತೆ, ದಂಡವೇ. ಸುಮ್ಸುಮ್ನೆ ಬರೀತೀನಾ?"

ಮೇಷ್ಟ್ರು ಧುಮುಗುಡುತ್ತ ಹೊರಟೇಹೋದರು. ಮಾರನೇ ದಿನವೇ ಮೇಲಧಿಕಾರಿಗೆ ದೂರು: ನಾಲ್ಕಕ್ಷರ ಓದದವಳು ನನ್ನ ಬರಹ ವ್ಯರ್ಥವೆಂದು ತೀರ್ಪು ಕೊಟ್ಟಿದ್ದಾಳೆ, ಇವಳನ್ನು ಮೇಜಿನಿಂದ ಎಬ್ಬಿಸಿ ಹಿಂದಿನ ಕೋಣೆಯಲ್ಲಿ ಹಳೇ ಪತ್ರಿಕೆಗಳ ಧೂಳು ಹೊಡೆಯಲು ಹಾಕಿ. ಅಕ್ಕನಿಗೆ ಆ ಕೋಣೆಯೇ ಬೇಡವಾಗಿತ್ತು. ಹೋಗಿಬರುವವರ ಮಾತು ಕಿವಿಗೆ ಬೀಳದಿದ್ದರೆ ಅವಳಿಗೆ ದಿನ ಹೋಗದು.

ಅಧಿಕಾರಿ ಬಂದು ಇಬ್ಬರನ್ನೂ ಎದುರುಬದುರು ಕೂರಿಸಿದರು. "ದಂಡ ಅಂದ್ರೇನು, ನೀವೇ ಹೇಳಿ ಮೇಷ್ಟ್ರೇ."

ಕೇಳಿದ್ದೇ ತಡ, ಅಕ್ಕನಿಗೆ ಪಾಠ ಶುರುವಾಯಿತು. "ಸಂಸ್ಕೃತದ ಮಾತಮ್ಮ. ಮೊದಲು ದಂಡ ಅಂದ್ರೆ ಬರೀ ಕೋಲು. ಕೋಲು ರಾಜನ ಕೈಗೆ ಬಂತು, ಶಿಕ್ಷೆ ಆಯ್ತು. ಏಟಿನ ಬದಲು ದುಡ್ಡು ಕಟ್ಟಿಸ್ಕೊಂಡ್ರು, ಅದೂ ದಂಡ. ಕಟ್ಟಿದ್ದು ವಾಪಸ್ ಬರುತ್ತಾ? ಅದಕ್ಕೇ ಹಾಳಾಗಿ ಹೋದದ್ದನ್ನೆಲ್ಲ ಜನ ದಂಡ ಅಂದ್ರು ಅಂತ ನನ್ನ ಊಹೆ."

"ಅಂದ್ರೆ ವ್ಯರ್ಥ ಅನ್ನೋದು ಕೊನೇಲಿ ಬಂದಿದ್ದು. ಈಯಮ್ಮ ಅದಕ್ಕೂ ಮುಂಚಿನ ಅರ್ಥದಲ್ಲಿ ಬರೆದಿದಾರೆ. ತಡವಾದದ್ದಕ್ಕೆ ದಂಡ. ತಪ್ಪೇನು?" ಎಂದರು ಅಧಿಕಾರಿ.

ಮೇಷ್ಟ್ರು ಅಕ್ಕನತ್ತ ತಿರುಗಿ, "ಹೋಗ್ಲಿ, ನೀನದನ್ನ ಓದಿದೀಯಾ?"

ಇಪ್ಪತ್ತೆರಡು ವರ್ಷದ ತಾಳ್ಮೆ ಅಲ್ಲಿಗೆ ತೀರಿತು. "ಎಲ್ಲಿ ಓದ್ಲಿ ಮೇಷ್ಟ್ರೇ? ಇರೋದು ಒಂದೇ ಪ್ರತಿ, ಅದೂ ಯಾವಾಗ್ಲೂ ನಿಮ್ಮನೇಲೇ! ನೀವು ಬಿಟ್ರೆ ತಾನೇ ಯಾರಾದ್ರೂ ಓದೋದು?"

ಅಧಿಕಾರಿ ನಗು ನುಂಗಿಕೊಂಡು ದೂರಿನ ಕಾಗದವನ್ನು ಮೇಷ್ಟ್ರಿಗೇ ಮರಳಿಸಿದರು. ಅಕ್ಕನ ಮೇಜು ಅಕ್ಕನಿಗೇ ಉಳಿಯಿತು. ಇನ್ನು ಮುಂದೆ ಚೀಟಿಯಲ್ಲಿ 'ತಡವಾಗಿ ತಂದದ್ದಕ್ಕೆ ಕಟ್ಟಬೇಕಾದ ದಂಡ' ಎಂದು ಪೂರ್ತಿ ಬರೆಯಬೇಕೆಂದು ಮಾತ್ರ ಅಪ್ಪಣೆಯಾಯಿತು.

"ಎರಡಕ್ಷರದ ಜಾಗದಲ್ಲಿ ಒಂದು ಗಾಡಿ ಅಕ್ಷರ!" ಎಂದು ಗೊಣಗುತ್ತ ಅಕ್ಕ ಉದ್ದನೆಯ ಚೀಟಿ ಕತ್ತರಿಸತೊಡಗಿದಳು.