ಐವತ್ತೆರಡು ಕಿಲೋ

ಕಾಪುವಿನ ಜಿಮ್ಮಿಗೆ ಬೆಳಿಗ್ಗೆ ಹೆಂಗಸರ ಹೊತ್ತಿನಲ್ಲಿ ಉಚ್ಚಿಲದಿಂದ ಒಬ್ಬರು ಟೀಚರ್ ಬರುತ್ತಿದ್ದರು. ಕಣ್ಣಲ್ಲಿ ಸದಾ ನಿದ್ದೆ. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ನೆಲದಿಂದ ರಾಡ್ ಎತ್ತಿ ಇಳಿಸಿದ ಕೂಡಲೇ, ಏದುಸಿರಿನಲ್ಲೇ ನೋಟ್‌ಬುಕ್ಕಿನಲ್ಲಿ ತೂಕ ಬರೆಯುತ್ತಿದ್ದರು. ನಾನು ನನ್ನದನ್ನು ಕೊನೆಗೆ ನೆನಪಿನಿಂದ ಬರೆದರೆ, “ಅಂದಾಜು ಬೇಡ ಮಾರಾಯ್ತಿ” ಎನ್ನುತ್ತಿದ್ದರು.

ಅವರ ಪ್ರತಿ ಪುಟದ ಮೇಲೂ ಒಂದೇ ಗುರಿ: ಐವತ್ತೆರಡು ಕಿಲೋ.

“ಎಂತ ಟೀಚರ್, ಒಲಿಂಪಿಕ್ಸಿಗಾ?” ಎಂದು ಟ್ರೇನರ್ ಒಮ್ಮೆ ಕೇಳಿದ.

“ಅಲ್ಲ, ಬಚ್ಚಲಿಗೆ. ಅಮ್ಮನನ್ನು ಎತ್ತಲಿಕ್ಕೆ ಉಂಟು.”

ಹಾಸಿಗೆ ಹಿಡಿದ ತಾಯಿಯ ತೂಕ ಅದು. ಎತ್ತಲು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಎರಡೂವರೆ ಕಿಲೋ ಏರಿಸುತ್ತಾ ಬಂದು ನಲವತ್ತೆರಡೂವರೆ ಎತ್ತಿದ ದಿನ ಅವರು ನೋಟ್‌ಬುಕ್ ಮುಟ್ಟದೆ ಬೆಂಚಿನ ಮೇಲೆ ಕುಳಿತುಬಿಟ್ಟರು.

“ನಿನ್ನೆ ಆಸ್ಪತ್ರೆಯಲ್ಲಿ ತೂಕ ನೋಡಿದ್ರು. ಅಮ್ಮ ಈಗ ನಲವತ್ತೆರಡು.”

“ಹಾಗಾದ್ರೆ ಮುಗೀತಲ್ಲ ಟೀಚರ್, ಇನ್ನು ಎತ್ತಬಹುದಲ್ವಾ?” ಎಂದ ಟ್ರೇನರ್.

ಅವರು ಅಂಗೈ ಒರೆಸಿಕೊಂಡು ಎದ್ದರು.

“ಇನ್ನೂ ಹಾಕು ಮಾರಾಯ. ಅಮ್ಮ ಪುನಃ ಉಣ್ಲಿಕ್ಕೆ ಶುರು ಮಾಡಿದ್ರೆ, ಆಗ ನಾನು ಎತ್ತಬೇಡ್ವಾ?”