ಆಡದೆ ಉಳಿದ ಮೂರು ಸುತ್ತು

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ನಾನು ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿದೆ. ಚಿಕ್ಕೋಡಿಯಲ್ಲಿ ಮದುವೆ ನಡೆಯುವ ಮಂಗಲ ಕಾರ್ಯಾಲಯವೊಂದರಲ್ಲಿ ನಡೆದ ಚೆಸ್ ಪಂದ್ಯಾವಳಿಗೆ ನಾನೇ ತೀರ್ಪುಗಾರ. ಜಿಲ್ಲಾ ತಂಡಕ್ಕೆ ಇದ್ದದ್ದು ಒಂದೇ ಜಾಗ. ಬೋರಗಾಂವದ ಹುಡುಗಿಗೂ ಅಥಣಿಯ ಹುಡುಗನಿಗೂ ಆರು ಸುತ್ತಿನಲ್ಲಿ ಐದೂವರೆ ಅಂಕ. ಅವರಿಬ್ಬರ ನಡುವಿನ ಆಟ ಡ್ರಾ.

ಹಿಂದಿನ ವರ್ಷದವರೆಗೆ ಇಂಥಲ್ಲಿ ನಾಣ್ಯ ಚಿಮ್ಮುತ್ತಿದ್ದರು. ಅದು ನ್ಯಾಯವಲ್ಲ ಎಂದು ವಾದಿಸಿ ನಿಲ್ಲಿಸಿದವನು ನಾನು. ಯಾರ ಎದುರಾಳಿಗಳು ಒಟ್ಟು ಹೆಚ್ಚು ಅಂಕ ಗಳಿಸಿದ್ದಾರೋ ಅವರಿಗೆ ಮೊದಲ ಸ್ಥಾನ ಎಂದು ನಿಯಮ ಬರೆದೆ. ಹುಡುಗಿ ಒಂದು ಅಂಕದಿಂದ ಹಿಂದೆ ಬಿದ್ದಳು.

ಆಕೆಯ ಅಪ್ಪ ಪವರ್‌ಲೂಮಿನ ಕೆಲಸದವನು. ಹಾಳೆ ಓದಿ ನನ್ನ ಮೇಜಿಗೆ ಬಂದ.

"ಸರ, ನನ್ನ ಮಗಳು ಒಂದಾದ್ರೂ ಆಟ ಸೋತಾಳೇನ್ರಿ?"

"ಇಲ್ರಿ. ಆಕಿ ಕೂಡ ಆಡಿ ಸೋತ ಜುಗೂಳದಾಂವ ಉಳದ ಮೂರು ಸುತ್ತು ಬಿಟ್ಟು ಬಸ್ ಹಿಡದು ಊರಿಗೆ ಹೋದ. ಅವನ ಅಂಕ ಕಡಿಮಿ ಬಿದ್ದು, ಈಕಿ ಲೆಕ್ಕಾನೂ ಇಳೀತು."

"ಆಂವ ಬಸ್ ಹಿಡದ್ರ ನನ್ನ ಮಗಳು ಸೋಲಬೇಕ?"

"ಕಾಲೇಜಿನ ಲೆಕ್ಕ ಐತಿ ಮಾಮಾ, ನಿನಗ ತಿಳಿಯೂದಿಲ್ಲ," ಎಂದ ಅವನ ಹಿಂದೆ ನಿಂತಿದ್ದವನೊಬ್ಬ. ನಾಲ್ಕು ಜನ ನಕ್ಕರು. ನಾನು ಹೊರಗೆ ಹೋಗದಂತೆ ಯಾರೋ ಬಾಗಿಲ ಚಿಲಕ ಹಾಕಿದರು.

"ನಾಣ್ಯ ಹಾರಿಸಿ ಸೋತಿದ್ರ ದೇವರು ಕೊಡಲಿಲ್ಲ ಅಂತಿದ್ದೆ. ಇದು ನೀ ಮಾಡಿದ್ದು," ಎಂದ ಅಪ್ಪ. 'ರಿ' ಹೋಗಿ 'ನೀ' ಬಂದಾಗಲೇ ನಾನು ಎದ್ದು ಪಕ್ಕಕ್ಕೆ ಸರಿಯಬೇಕಿತ್ತು. ಅವನು ಬೀಸಿದ ಕಬ್ಬಿಣದ ಕುರ್ಚಿ ನನ್ನ ಕಿವಿಯ ಪಕ್ಕದಲ್ಲೇ ಗೋಡೆಯ ಗಿಲಾವು ಕಿತ್ತಿತು. ಅವನು ಅದನ್ನು ಮತ್ತೆ ಎತ್ತಿದ.

ನಡುವೆ ಬಂದವಳು ಹುಡುಗಿ. "ಅಪ್ಪಾ, ಬಿಡು. ನಾ ಅವನ ಕೂಡ ಇನ್ನೊಮ್ಮೆ ಆಡ್ತೀನಿ."

ಅಥಣಿಯ ಹುಡುಗ ಒಪ್ಪಿದ. ನಾನೂ ಒಪ್ಪಿದೆ. ಬಾಗಿಲು ತೆರೆಯಿತು.

ಜುಗೂಳದವನು ಆಡದೆ ಬಿಟ್ಟ ಸುತ್ತುಗಳಿಗೆ ಅರ್ಧರ್ಧ ಅಂಕ ಹಿಡಿದಿದ್ದರೆ ಆಕೆಯೇ ಮುಂದಿರುತ್ತಿದ್ದಳು. ಆ ಪದ್ಧತಿ ನನಗೆ ಗೊತ್ತಿತ್ತು, ನಿಯಮದಲ್ಲಿ ಬರೆದಿರಲಿಲ್ಲ. ಹಾಗಾದರೆ ನಾನು ಒಪ್ಪಿದ್ದು ನ್ಯಾಯಕ್ಕೋ, ಕುರ್ಚಿಗೋ? ಒಂದು ವಾರ, ರಾತ್ರಿ ಮೇಲಿನ ಮನೆಯವರು ಏನಾದರೂ ಎಳೆದ ಸದ್ದಾದರೆ ಸಾಕು, ತಲೆಗೆ ಕೈ ಅಡ್ಡ ಹಿಡಿದು ಎದ್ದು ಕೂರುತ್ತಿದ್ದೆ.

ಮುಂದಿನ ಭಾನುವಾರ ಆಟ ನಡೆಯಿತು. ನಾನು ಬಾಗಿಲ ಪಕ್ಕದಲ್ಲೇ ಕುಳಿತಿದ್ದೆ. ಹುಡುಗಿ ಗೆದ್ದಳು, ಹುಡುಗ ಕೈ ಕುಲುಕಿ ಎದ್ದುಹೋದ. ಅಪ್ಪ ಪೇಢೆಯ ಪೊಟ್ಟಣ ಹಿಡಿದು ಬಂದ. "ಸರ, ಅವತ್ತ ಸಿಟ್ಟಿನ್ಯಾಗ..."

ನಾನು ಪೇಢೆ ಮುಟ್ಟಲಿಲ್ಲ. ಆಕೆಯ ಹೆಸರು ಬರೆದು, ಸಹಿ ಮಾಡಿ, ಬಸ್ ಹತ್ತಿದೆ. ಅವನನ್ನು ಈಗಲೂ ಕ್ಷಮಿಸಿಲ್ಲ. ಆದರೆ ಆ ಭಾನುವಾರ ರಾತ್ರಿ ಬೆಳಗಿನ ತನಕ ಒಮ್ಮೆಯೂ ಏಳದೆ ಮಲಗಿದೆ.